ಜೀರಿಗೆಗಿಂತ ಸಣ್ಣ ಇರುವೆಯ ಬೆನ್ನು ಹತ್ತಿ

ಚಿಕ್ಕೋಡಿ ಸೀಮೆಯಲ್ಲಿ ಆ ಇರುವೆಯನ್ನು ಮೊಟ್ಟಮೊದಲು ಕಂಡುಹಿಡಿದವನು ನಾನೇ. ಸುಳ್ಳು. ಕಂಡವರು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಸರ್. ನಾನು ಅವರ ಸಿಪಾಯಿ, ಹಿಡಿದದ್ದು ಬರೇ ಜರಡಿ.

ಎಂಬತ್ತರ ದಶಕದ ಕೊನೆಯ ಮಾತು. ತರಗೆಲೆಯ ಅಡಿಯಲ್ಲೇ ಬಾಳುವ, ಜೀರಿಗೆಗಿಂತ ಸಣ್ಣ, ಇಕ್ಕಳದಂಥ ದವಡೆಯ ಇರುವೆ. ಘಟ್ಟದ ಕಾಡು, ಕಾಫಿ ತೋಟ ಬಿಟ್ಟರೆ ಎಲ್ಲೂ ಇಲ್ಲ ಅಂತ ದೊಡ್ಡ ಪಂಡಿತರು. ನಮ್ಮಲ್ಲೂ ಐತಿ ಅಂತ ಸರ್. "ಒಂದನ್ನಾದರೂ ಸ್ಪಿರಿಟ್ ಶೀಶೆಯಲ್ಲಿ ತೋರಿಸಿ, ಆಮೇಲೆ ಬರೆದುಕೊಳ್ಳೋಣ" ಎಂದು ಪಂಡಿತರು ನಕ್ಕರು. ಸರ್ ಹಟ ಹಿಡಿದರು. ಮೂರು ವರ್ಷ ಪ್ರತಿ ರವಿವಾರ ನನ್ನ ಗ್ರಹಚಾರ. ಹಟಮಾರಿಯ ಹಿಂದೆ ಹೋದವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಖಡಕ್ ಮಾಲು

ಭೋಜ ಅನ್ನುವ ಹಳ್ಳಿಯಲ್ಲಿ ಮಾವಿನ ಮರದ ಕೆಳಗೆ ಬಿಳಿ ಬಟ್ಟೆ ಹಾಸಿ ತರಗೆಲೆ ಜರಡಿ ಹಿಡಿಯುತ್ತಿದ್ದೆವು. ತಂಬಾಕು ಜರಡಿ ಹಿಡಿಯುವ ಸೀಮೆ ಅದು. ಜರಡಿ ಸಪ್ಪಳಕ್ಕೇ ವ್ಯಾಪಾರಿಯ ಮೂಗು ಅರಳುತ್ತದೆ. ಒಬ್ಬಾತ ಸೈಕಲ್ ಇಳಿದು ಬಂದ.

"ಯಾವ ಮಾಲ್ರಿ ಇದು?"

"ಹೊಸಾ ತಳಿರಿ ಸಾವ್ಕಾರ್ರ," ಅಂದೆ ನಾನು.

ಚಿಟಿಕೆ ಎತ್ತಿ ದವಡೆಗಿಟ್ಟುಕೊಂಡ. ಎರಡೇ ಗಳಿಗೆ. ಕಣ್ಣಲ್ಲಿ ನೀರು, ತುಟಿ ಉಬ್ಬಿ ಭಜಿಯಂತಾಯಿತು. "ಅಬಾಬಾ! ಮಾಲ್ ಖಡಕ್ ಐತ್ರಿ!"

ಸರ್ ಓಡಿ ಬಂದು, ಅವನ ಗದ್ದ ಹಿಡಿದು ಬಾಯಿ ತೆರೆಸಿ, ಭೂತಗನ್ನಡಿ ಇಟ್ಟು ನೋಡಿದರು. ನಿಟ್ಟುಸಿರು ಬಿಟ್ಟರು. "ಕಚ್ಚಿದ್ದು ನಮ್ಮ ಇರವಿ ಅಲ್ಲೋ. ನಡಿ ಮುಂದ."

ಟಿಕೀಟಿಲ್ಲದ ಮಂದಿ

ಅಥಣಿಯಿಂದ ಚೀಲದ ತುಂಬ ತರಗೆಲೆ ಹೊತ್ತು ಬಸ್ ಹತ್ತಿದೆವು. ಕಾಲಿಡಲು ಜಾಗವಿಲ್ಲ.

"ಚೀಲದಾಗ ಏನೈತ್ರಿ?" ಕಂಡಕ್ಟರ್ ಕೇಳಿದ.

"ಇರವಿ." ಸರ್ ಸುಳ್ಳು ಹೇಳುವವರಲ್ಲ.

"ಚಾಷ್ಟಿ ಮಾಡಬ್ಯಾಡ್ರಿ!"

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಬ್ಬ ಹೆಣ್ಣುಮಗಳು "ಅಗ ಬಾಯಿ! ಮುಂಗ್ಯಾ!" ಎಂದು ಕಾಲ ಮೇಲಿನ ಇರುವೆ ಕೊಡವುತ್ತ ಮರಾಠಿಯಲ್ಲಿ ಚೀರಿದಳು. ಮುಂದಿನ ಸ್ಟಾಪಿಗೆ ಬಸ್ಸು ಖಾಲಿ. ನಾನು ಕಾಲು ಚಾಚಿ ಮಲಗಿದೆ. ಸರ್ ಚಿಕ್ಕೋಡಿವರೆಗೂ ಸೀಟಿನಡಿ ತೆವಳಿ ಇರುವೆ ಆರಿಸಿದರು.

"ಚೀಲದ ಗಂಟು ಹ್ಯಾಂಗ ಬಿಚ್ಚಿತಲೇ?"

"ಇರವಿ ಭಾಳ ಶಾಣ್ಯಾ ಇರ್ತಾವ್ರಿ ಸರ್."

ಪಾಲಬಾವಿಯ ಆಯಿ

ಕೊನೆಗೂ ಸಿಕ್ಕಿತು. ಪಾಲಬಾವಿಯ ಚಿಕ್ಕೂ ತೋಟದಲ್ಲಿ, ಒಂದೇ ಒಂದು. ಸರ್ ಸ್ಪಿರಿಟ್ ಶೀಶೆ ತೆಗೆಯುವಷ್ಟರಲ್ಲಿ ತೋಟದ ಒಡತಿ ಬಂದರು. ಜೈನರ ಮನೆಯ ಮುದುಕಿ, ದಿನಾ ಇರುವೆ ಗೂಡಿಗೆ ಸಕ್ಕರೆ ಹಾಕುವವರು.

"ಮಾಸ್ತರ, ಅದನ್ನ ಅದರಾಗ ಮುಳಗಸ್ತೀರೇನು?"

"ವಿಜ್ಞಾನಕ್ಕರಿ, ಆಯಿ."

"ನನ್ನ ತ್ವಾಟದಾಗ ಜೀವ ತಗಿಯಾಂಗಿಲ್ಲ. ತಾನಾಗಿ ಸತ್ತರ ಒಯ್ರಿ."

ಕದ್ದು ಓಡೋಣವೆಂದು ನಾನು ಕಣ್ಣು ಹೊಡೆದೆ. ಸರ್ ನೋಡಲೇ ಇಲ್ಲ. ಇರುವೆಯನ್ನು ಮಣ್ಣು-ಎಲೆ ಸಮೇತ ಡಬ್ಬಿಗೆ ಹಾಕಿ ಆಯಿಯ ಕಟ್ಟೆಯ ಮೇಲಿಟ್ಟು, ರಜೆ ಬರೆದು, ಅದು ಸಾಯಲೆಂದು ಕಾಯುತ್ತ ಕೂತರು. ಹನ್ನೊಂದು ದಿನ!

ದಿನಾ ಮುಂಜಾನೆ ಸರ್ ಆಸೆಯಿಂದ ಕೇಳುವರು: "ತಬ್ಬೇತ್ ಹ್ಯಾಂಗೈತ್ರಿ?"

ಆಯಿ ಡಬ್ಬಿಗೆ ಸಕ್ಕರೆ ಉದುರಿಸುತ್ತ, "ಗಟ್ಟಿಮುಟ್ಟ ಐತಿ. ನಿಮ್ಮ ಮಾರೀನ ಇಳದೈತಿ, ಊಟಾ ಮಾಡ್ರಿ."

ಹನ್ನೆರಡನೆಯ ದಿನ ಇರುವೆ ಕಾಲು ಮೇಲೆ ಮಾಡಿತು. ಆಯಿ ಸೂತಕದ ತಣ್ಣೀರು ಸ್ನಾನ ಮಾಡಿದರು. ಸರ್ ಅಂಗಳದಲ್ಲಿ ಕುಣಿದರು. ಆಯಿ ನನ್ನನ್ನೇ ದಿಟ್ಟಿಸಿ, "ನೀ ಏನೂ ಮಾಡಿಲ್ಲಲಾ?" ಅಂದರು. ನಾನು ಆಕಾಶ ನೋಡಿದೆ. ಶೀಶೆಯ ಚೀಟಿ ಬರೆಯುವಾಗಲೂ ಆಯಿ ಬಿಡಲಿಲ್ಲ, ಸತ್ತ ಬಗೆಯನ್ನೂ ಬರೆಸಿದರು. ಪಂಡಿತರು ದಾಖಲೆ ಒಪ್ಪಿದರು, ಶೀಶೆಯ ಮೇಲೆ ಇವತ್ತಿಗೂ ಇದೆ: "ಪಾಲಬಾವಿ, ಚಿಕ್ಕೂ ತೋಟ, ತರಗೆಲೆ. ಸಹಜ ಮರಣ."

ನಂಬಲಿಲ್ಲವೇ? ಬಿಡಿ. ಅಗೋ, ನಿಮ್ಮ ಚಹಾದ ಕಪ್ಪಿನಲ್ಲಿ ಇರುವೆ ಬಿದ್ದಿದೆ. ನನ್ನನ್ನು ಹಾಗೆ ನೋಡಬೇಡಿ, ಅದೂ ಸಹಜ ಮರಣವೇ. ನೀವಂತೂ ಇನ್ನು ಕುಡಿಯಲಾರಿರಿ, ಇತ್ತ ಕೊಡಿ. ನನ್ನ ಚಹಾದ ದುಡ್ಡನ್ನೂ ನೀವೇ ಕೊಟ್ಟುಬಿಡಿ.