ತಪ್ಪು ಎನ್ನಲಾರದ ಮೇಷ್ಟ್ರು

ಓದು ಬರುವುದಿಲ್ಲ ಎನ್ನಲು ನಾಚುವ ಜನ ಲೆಕ್ಕ ಬರುವುದಿಲ್ಲ ಎನ್ನುವಾಗ ಮಾತ್ರ ಅದೇಕೋ ಬೀಗುತ್ತಾರೆ. ನಾನೂ ಹಾಗೆಯೇ ಬೀಗಿದವಳು. ಇತಿಹಾಸದ ಪ್ರಾಧ್ಯಾಪಕಿಗೆ ಅದೊಂದು ಒಡವೆ ಎಂದುಕೊಂಡಿದ್ದೆ. ದೇಶದ ರಾಜಧಾನಿಯಲ್ಲೇ ಹಿಂದಿ ಬೆರೆಸಿಕೊಂಡು ಬೆಳೆದ, ಒಂಬತ್ತನೇ ತರಗತಿಯ ಮಗಳು ಅನನ್ಯಾ ಶಾಲೆಯ ಫಾರ್ಮ್ ಹಿಡಿದು ಬಂದು, "ಟೆಂತ್‌ನಲ್ಲಿ ನಾನು ಸುಲಭದ ಮ್ಯಾಥ್ಸೇ ತಗೋತೀನಿ. ನಿನಗೂ ಬರಲ್ಲ ನಾ ಅಮ್ಮಾ, ಫ್ಯಾಮಿಲಿ ಮೇಂ ಹೀ ಹೈ" ಎಂದಾಗ ಆ ಒಡವೆ ಕುತ್ತಿಗೆಗೆ ಚುಚ್ಚಿತು. ಕಟ್ಟಡಗಳ ನಕ್ಷೆ ಬಿಡಿಸಬೇಕೆಂದು ಚಿಕ್ಕಂದಿನಿಂದ ಹೇಳುತ್ತಿದ್ದ ಹುಡುಗಿ ಅವಳು. ಹತ್ತನೇ ತರಗತಿಗೆ ಸುಲಭದ್ದು, ಕಷ್ಟದ್ದು ಎಂದು ಎರಡು ಗಣಿತ; ಸುಲಭದ್ದು ಹಿಡಿದರೆ ಮುಂದೆ ಆ ದಾರಿ ಮುಚ್ಚಿದಂತೆಯೇ. ನನ್ನ ಜಂಬದಿಂದ ಅವಳ ಆಸೆ ಹಾಳಾಗುವುದೇ ಎಂದು ನಿಜಕ್ಕೂ ಹೆದರಿದೆ. "ಫಾರ್ಮ್ ಕೊಡೋಕೆ ಎರಡು ತಿಂಗಳಿದೆ ತಾನೆ? ನಾನು ಮೊದಲಿಂದ ಕಲಿತು ತೋರಿಸ್ತೀನಿ" ಎಂದುಬಿಟ್ಟೆ.

ಹೀಗೆ ಭಾನುವಾರಗಳು ಹಾಳಾದವು. ಮುನಿರ್ಕಾದ ಬಾಡಿಗೆ ಕೋಣೆಯಿಂದ ನಮ್ಮ ವಸಂತ್ ಕುಂಜ್‌ನ ಫ್ಲ್ಯಾಟಿಗೆ ನನಗೆ ಲೆಕ್ಕ ಕಲಿಸಲು ಬೆಳಗ್ಗೆಯೇ ವೀರೇಶ ಬರುತ್ತಿದ್ದ. ಕೊಪ್ಪಳದವನು, ನಮ್ಮ ವಿಶ್ವವಿದ್ಯಾಲಯದಲ್ಲೇ ಗಣಿತದ ಸಂಶೋಧನೆ ಮಾಡುತ್ತಿದ್ದಾನೆ. ಹೋದ ವರ್ಷ ಕನ್ನಡ ಸಂಘದಲ್ಲಿ ನನ್ನ ಉಪನ್ಯಾಸ ಕೇಳಿ, "ಹಿಂಗೂ ನೋಡಬಹುದ್ರಿ ಮೇಡಮ್" ಎಂದಿದ್ದ. ಆ ಮೆಚ್ಚುಗೆಯನ್ನು ನಾನು ವಾರವಿಡೀ ಗಂಡನಿಗೆ ಹೇಳಿದ್ದುಂಟು.

ಭಿನ್ನರಾಶಿಗೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಏಳೆಂಟಲೆ ಎಷ್ಟು ಎಂದರೆ ಏಳೊಂದಲೆಯಿಂದಲೇ ಮಗ್ಗಿ ಹೇಳಿಕೊಂಡು ಬರಬೇಕು. ನಡುವೆ ಫೋನು ಬಂದರೆ ಮತ್ತೆ ಮೊದಲಿಂದ. ಆದರೂ ಒಂದು ಸಮಾಧಾನವಿತ್ತು. ನಾನು ಬಿಡಿಸಿದ ಪ್ರತಿ ಲೆಕ್ಕವನ್ನೂ ವೀರೇಶ ತಲೆಯಾಡಿಸಿ ನೋಡಿ, "ಹಿಂಗೂ ಮಾಡಬಹುದ್ರಿ ಮೇಡಮ್" ಎನ್ನುತ್ತಿದ್ದ. ಆಮೇಲೆ ಅದೇ ಲೆಕ್ಕವನ್ನು ಬೇರೆ ಹಾಳೆಯಲ್ಲಿ ತಾನೊಮ್ಮೆ ಮಾಡಿ ತೋರಿಸುತ್ತಿದ್ದ. ಪಾಪ, ಅವನಿಗೂ ಅಭ್ಯಾಸ ಬೇಕಲ್ಲ ಎಂದುಕೊಳ್ಳುತ್ತಿದ್ದೆ.

ಫಾರ್ಮ್ ಕೊಡುವ ಹಿಂದಿನ ದಿನ ಅವನೆದುರೇ ಮಗಳ ಕೈಗೆ ನನ್ನ ನೋಟ್‌ಬುಕ್ ಕೊಟ್ಟೆ. ಅವಳು ಕೆಂಪು ಪೆನ್ನು ತಂದಳು.

"ಅಮ್ಮಾ, ಅರ್ಧಕ್ಕೆ ಮೂರನೇ ಒಂದು ಸೇರಿಸಿದ್ರೆ ಐದನೇ ಎರಡಾ? ಅರ್ಧ ದೋಸೆಗೆ ಇನ್ನೊಂದು ತುಂಡು ಹಾಕಿದ್ರೆ ದೋಸೆ ಕಡಿಮೆ ಆಗುತ್ತಾ? ಸಬ್ ಗಲತ್ ಹೈ, ಎಲ್ಲಾ ತಪ್ಪು!"

ನಾನು ವೀರೇಶನ ಕಡೆ ತಿರುಗಿದೆ. ಅವನು ಚಾಪೆ ನೋಡುತ್ತಿದ್ದ.

"ಎಂದಿನಿಂದಪ್ಪಾ?"

"ಮೊದಲನೇ ವಾರದಿಂದರಿ. ಪ್ರೊಫೆಸರಿಗೆ ತಪ್ಪು ಅಂತ ಹೆಂಗ ಹೇಳೂದ್ರಿ ಮೇಡಮ್?"

ಅನನ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಫಾರ್ಮ್ ಎಳೆದುಕೊಂಡು ಕಷ್ಟದ ಗಣಿತಕ್ಕೇ ಗುರುತು ಹಾಕಿದಳು. "ಇಷ್ಟು ಗಲತ್ ಮಾಡಿ ಭೀ ಪ್ರತಿ ಸಂಡೇ ಕೂತೆಯಲ್ಲ ಅಮ್ಮಾ. ನಾನೂ ಕೂರ್ತೀನಿ, ಚಲೋ."

ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಆಗ ಇನ್ನೊಂದು ವಿಷಯ ನೆನಪಾಗಿ ಮೆಲ್ಲಗೆ ಕೇಳಿದೆ: "ವೀರೇಶ, ಹೋದ ವರ್ಷದ ನನ್ನ ಉಪನ್ಯಾಸ...?"

ಅವನು ಲೋಟ ಎತ್ತಿಕೊಂಡು, "ಚಾ ಭಾಳ ಚಲೋ ಆಗೇತ್ರಿ ಮೇಡಮ್" ಎಂದ.

ಚಹಾ ಮಾಡಿದ್ದು ನನ್ನ ಗಂಡ.