ಕಾಕಾನ ಗುರಿಗೆ ನನ್ನ ಬುದ್ಧಿ ತಗಲಿತು

ನಾ ಬಾಯಿ ತಗದಲ್ಲೆಲ್ಲಾ ಇಂಥಾವ ಆಗತಾವು, ಏನ್ ಮಾಡ್ಲಿ? ಹಿರೇಕೆರೂರಿನ ನಮ್ಮ ಅತ್ತೀನ್ನ "ರೊಟ್ಟಿ ಬಡಿಯೋವಾಗ ಯಾವ ಬೆರಳಿನ ಮ್ಯಾಲೆ ಜೋರ ಹಾಕ್ತಿ?" ಅಂತ ಒಮ್ಮಿ ಕೇಳಿದೆ. ಅವತ್ತ ಮನಿಮಂದಿಯೆಲ್ಲಾ ಹರಕ ರೊಟ್ಟಿ ತಿಂದ್ರು. ಅದರ ಮುಂದಿನ ವರ್ಷ ಲಡಾಯಿ ಶುರುವಾತು, ನಾನು ಧಾರವಾಡದ ಕಾಲೇಜು ಅರ್ಧಕ್ಕ ಬಿಟ್ಟು ನಮ್ಮೂರು ತಿಳವಳ್ಳಿಗೆ ಬಂದೆ. ಲಡಾಯಿ, ನಾ ಬಂದದ್ದು, ಈ ಎರಡರಾಗ ಯಾವುದು ದೊಡ್ಡ ಆಪತ್ತು ಅಂತ ನಮ್ಮ ಕಾಕಾನ್ನ ಕೇಳಬೇಕು.

೧. ಯಾವ ಕಣ್ಣು?

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಕಬ್ಬಿಗೆ ಬರೋ ಕಾಡಹಂದಿ ಹೊಡ್ಯಾಕ ಅವನ ಕಡೆ ಲೈಸನ್ಸಿನ ಬಂದೂಕೊಂದಿತ್ತು. ಬೀಡಿ ಬಾಯಾಗ ಇದ್ದಂಗ ಬಂದೂಕು ಎತ್ತಿದ್ನಂದ್ರ ಹಂದಿ ಬಿತ್ತಂತನ. ನನಗ ಸುಮ್ನಿರಾಕ ಆಗಲಿಲ್ಲ.

"ಕಾಕಾ, ಗುರಿ ಹಿಡಿಯೋವಾಗ ಯಾವ ಕಣ್ಣು ಮುಚ್ಚತಿ?"

"ಮುಚ್ಚತೇನೇನು?"

"ಉಸಿರು ಒಳಗ ಇರತೈತೋ, ಹೊರಗೋ?"

ಕಾಕಾ ಬಾಯಾಗಿನ ಬೀಡಿ ತಗದ. ಮೂವತ್ತು ವರ್ಷದಾಗ ಯಾರೂ ಇದನ್ನ ಕೇಳಿರಲಿಲ್ಲ.

ಅವತ್ತ ಸಂಜಿಗೆ ಹಂದಿ ಬಂತು. ಕಾಕಾ ಎಡಗಣ್ಣು ಮುಚ್ಚಿದ, ತಗದ. ಬಲಗಣ್ಣು ಮುಚ್ಚಿದ, ತಗದ. ಕಡೀಕ ಎರಡೂ ಮುಚ್ಚಿದ. ತಗ್ಯೂದ್ರಾಗ ಹಂದಿ ಊಟಾ ಮುಗಿಸಿ ನೀರು ಕುಡ್ಯಾಕ ಹೋಗಿತ್ತು.

೨. ಬದುವಿನ ಮ್ಯಾಲಿನ ಗಣಿತ

ಕೆಡಿಸಿದವನೇ ತಿದ್ದಬೇಕಲ್ಲ! ಗಾಳಿ ಎಷ್ಟು, ದೂರ ಎಷ್ಟು, ಹಂದಿ ಎಷ್ಟು ಜೋರ ಓಡತೈತಿ, ಬಂದೂಕಿನ ನಳಿಗಿ ಎಷ್ಟು ಮುಂದ ಹಿಡೀಬೇಕು, ಎಲ್ಲಾ ಬದುವಿನ ಮ್ಯಾಲೆ ಕಡ್ಡೀಲೆ ಬರದು ತೋರಿಸಿದೆ. ಕಾಕಾ ಬಾಯಿಪಾಠ ಮಾಡಿದ.

ಮರುದಿನ ಹಂದಿ ಓಡಿತು. ಕಾಕಾ ಮಗ್ಗಿ ಹೇಳಕೋತ ನಳಿಗಿ ಮುಂದ, ಇನ್ನಷ್ಟು ಮುಂದ ಸರಿಸಿ ಹೊಡದ. ಬಾಜೂ ಹೊಲದ ಬೆದರುಗೊಂಬಿ ತಲಿ ಹಾರಿತು.

"ಇವತ್ತ ಗೊಂಬಿ ತಲಿ, ನಾಳೆ ನನ್ನ ತಲಿ!" ಅಂತ ಆ ಹೊಲದವ ಹಾನಗಲ್ ತಾಲೂಕು ಕಚೇರಿಗೆ ಅರ್ಜಿ ಕೊಟ್ಟ. ತಾಲೂಕಿನ ಸಾಹೇಬ್ರು ಮಾಮಲೇದಾರ್ರು ಹುಕುಂ ಕಳಿಸಿದ್ರು: ಮುಂದಿನ ಸಂತಿ ದಿನ ಬಂದು ಮೂರು ಗುಂಡಿನ್ಯಾಗ ಒಂದು ತೆಂಗಿನಕಾಯಿ ಹೊಡದು ತೋರಿಸಬೇಕು, ಇಲ್ಲಾಂದ್ರ ಬಂದೂಕು ಸರಕಾರಕ್ಕ ಜಮಾ.

"ಕಾಕಾ, ನನ್ನ ಗಣಿತ ಬರೋಬ್ಬರಿ ಇತ್ತು. ಹಂದೀನೇ ನಡುವ ನಿಂತಬಿಡ್ತು!" ಅಂದೆ.

"ಹಂದಿ ಕಾಲೇಜಿಗೆ ಹೋಗಿಲ್ಲಲೇ ತಮ್ಮಾ, ಅದಕ್ಕೇನ ಗೊತ್ತು," ಅಂದ ಕಾಕಾ.

೩. ಸವಣೂರಿನ ಉಸ್ತಾದರು

ತನ್ನ ತಪ್ಪಲ್ಲ, ನಳಿಗೀನೇ ಸೊಟ್ಟಾಗೈತಿ ಅಂತ ಕಾಕಾ ಬಂದೂಕು ರಿಪೇರಿ ಮಾಡೋ ಉಸ್ತಾದರ ಕಡೆ ಸವಣೂರಿಗೆ ಹೊಂಟ. ಬ್ಯಾಡಂದ್ರೂ ನಾ ಗಾಡಿ ಹತ್ತಿದೆ.

ಉಸ್ತಾದರು ವಯಸ್ಸಾದವರು, ಬಾಯಿತುಂಬ ಎಲಿ. ನಳಿಗ್ಯಾಗ ಇಣಿಕಿ ನೋಡಿ, ಮದ್ದು ತುಂಬಿ, "ಊಟಾ ಆತೇನ್ರಿ ಗೌಡ್ರ?" ಅನಕೋತನ ಹಿತ್ತಲದ ಮರದಾಗಿನ ಒಂದ ಹುಣಸೀಕಾಯಿ ಉದುರಿಸಿದ್ರು.

"ಸಾಹೇಬ್ರ, ಈಗ ನಿಮ್ಮ ಬೆರಳು ಎಷ್ಟು ಬಗ್ಗಿತ್ತು..." ಅಂತ ನಾ ಶುರು ಮಾಡಿದೆ.

ಉಸ್ತಾದರು ತಟ್ಟನ ಎರಡೂ ಕಿವಿ ಮುಚ್ಕೊಂಡ್ರು. "ಗೌಡ್ರ, ಬಂದೂಕು ಛಲೋ ಐತ್ರಿ. ಇದನ್ನ ರಿಪೇರಿ ಮಾಡೋ ಔಜಾರ ಮಾತ್ರ ನನ್ನ ಕಡೆ ಇಲ್ರಿ," ಅಂತ ನನ್ನ ಕಡೆ ಬಟ್ಟು ಮಾಡಿದ್ರು.

೪. ಮೂರನೇ ಗುಂಡು

ಸಂತಿ ದಿನ ಕಚೇರಿ ಹಿಂದ ಮಣ್ಣಿನ ಗ್ವಾಡಿ ಮ್ಯಾಲೆ ಕಾಯಿ ಇಟ್ಟರು. ಮಾಮಲೇದಾರ್ರು ಕುರ್ಚಿ ಹಾಕಿಸ್ಕೊಂಡು ಕುಂತರು. ಮೊದಲನೇ ಗುಂಡು ಗ್ವಾಡಿಗೆ ಬಡೀತು. ಎರಡನೇದು ಎಲ್ಲಿ ಹೋತೋ ದೇವರಿಗೇ ಗೊತ್ತು. ಬಂದೂಕು ಹೋದ್ರ ವರ್ಷದ ಕಬ್ಬ ಹೋದಂಗ. ಕಾಕಾ ಮೂರನೇದು ತುಂಬಿ ಎತ್ತಿ ಹಿಡದ. ಹಿಡದಾ, ಹಿಡದಾ, ಮಾಮಲೇದಾರ್ರು ಎರಡು ಸಲ ಆಕಳಿಸಿದ್ರು.

"ಕಾಕಾ, ಮೊಣಕೈ ತುಸು ಕೆಳಗ..."

"ಲೇ, ಕಾಲೇಜು ಬಿಟ್ಟ ಕ್ವಾಣಾ!" ಬಂದೂಕು ಅಲ್ಲೇ ಇತ್ತು, ಮಾರಿ ಅಷ್ಟ ನನ್ನ ಕಡೆ ತಿರುಗಿತು. "ಬಾಯಿ ಮುಚ್ಚತೀಯೋ, ಇಲ್ಲಾ..."

ಢಂ! ಕಾಯಿ ಒಡದು ನೀರು ಗ್ವಾಡಿ ಮ್ಯಾಲೆ ಹರೀತು. ಕಾಕಾ ಇನ್ನೂ ಬೈಯಾಕತ್ತಿದ್ದ. ಗುಂಡು ಹಾರಿದ್ದು ಅವಗ ಗೊತ್ತ ಇರಲಿಲ್ಲ.

ಮಾಮಲೇದಾರ್ರು ಕೆಂಪ ಶಾಯಿಲೆ ಲೈಸನ್ಸಿನ ಮ್ಯಾಲೆ ಬರದ್ರು: "ಗುರಿ ಸರಿ ಇದೆ. ಆದರೆ ಬಂದೂಕು ಹಾರಿಸುವಾಗ ಬೈಸಿಕೊಳ್ಳಲು ಅಣ್ಣನ ಮಗನು ಬಾಜುವಿನಲ್ಲಿ ಹಾಜರಿರತಕ್ಕದ್ದು."

ಸರಕಾರದ ಹುಕುಂ, ಮೀರೋ ಹಂಗಿಲ್ಲ. ದಿನಾ ಸಂಜಿಮುಂದ ಕಾಕಾ ನನ್ನನ್ನ ಹೊಲಕ್ಕ ಎಳಕೊಂಡು ಹೋಗತಿದ್ದ. ಹಂದಿ ಕಂಡಕೂಡ್ಲೆ ನನ್ನ ಕಡೆ ತಿರುಗಿ ಬೈಯಾಕ ಶುರು ಹಚ್ಚತಿದ್ದ. ಆ ವರ್ಷ ಕಬ್ಬು ಭರ್ತಿ ಬಂತು.

"ಓದು ಬಿಟ್ಟು ಬಂದಾನಲ್ಲ, ಈಗೇನ್ ಮಾಡಾಕತ್ತಾನ ನಿಮ್ಮ ಹುಡುಗ?" ಅಂತ ಓಣಿಮಂದಿ ಕೇಳಿದ್ರ, ಅವ್ವ ಸೆರಗು ಸರಿ ಮಾಡ್ಕೊಂಡು ಹೇಳತಿದ್ಲು:

"ಸರಕಾರಿ ನೌಕರೀರಿ."