ಕುರ್ಚಿ ಕಾಲಿನ ಒಪ್ಪಂದ

ಆ ಕುರ್ಚಿಗೆ ಮೂರೂವರೆ ಕಾಲು ಎಂದು ಸಭಾಭವನದವರೆಲ್ಲ ತಮಾಷೆ ಮಾಡುತ್ತಿದ್ದರು. ಒಂದು ಕಾಲು ತುಸು ಗಿಡ್ಡ. ಕುಳಿತವರು ಅತ್ತಿತ್ತ ತೂಗುತ್ತಿದ್ದರು. ಮಾತುಕತೆಗೆ ಮುಂಚೆ ಭವನದ ಬಡಗಿ ಅದರಡಿಗೆ ರಟ್ಟಿನ ಚೂರೊಂದನ್ನು ತುರುಕಿದ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಪಾಪ, ಅವನ ಮನಸ್ಸು ಅಂದು ಮನೆಯಲ್ಲೇ ಇತ್ತು. ಅಡುಗೆಮನೆಯ ಕಿಟಕಿ ತೆರೆದಿರಬೇಕೆಂದು ಹೆಂಡತಿ, ಮುಚ್ಚಿರಬೇಕೆಂದು ತಾಯಿ, ಇಬ್ಬರ ನಡುವೆ ಮಾತಿಲ್ಲ. "ಸಂಜೆಯೊಳಗೆ ಇದನ್ನ ಬಗೆಹರಿಸದಿದ್ರೆ ನಾನು ತವರಿಗೆ ಹೊರಟೆ," ಎಂದಿದ್ದಳು ಹೆಂಡತಿ. ಅವಳು ಹೇಳಿದ್ದನ್ನು ಮಾಡುವವಳು.

ಭವನಕ್ಕೆ ಬಂದಿದ್ದವರೋ, ಹೊಳೆಯ ಮೇಲಿನ ದೇಶದ ಮಂತ್ರಿ ಮತ್ತು ಕೆಳಗಿನ ದೇಶದ ಮಂತ್ರಿ. ನೀರಿಗಾಗಿ ಗಡಿಯಲ್ಲಿ ಸೈನ್ಯ ನಿಲ್ಲಿಸಿದವರು. ಇಂಥವರನ್ನು ಒಪ್ಪಿಸುವ ವಿದ್ಯೆ ಯಾವುದಿರಬಹುದು? ಅದನ್ನು ಕಲಿತರೆ ಒಂದು ಕಿಟಕಿ ಯಾವ ಲೆಕ್ಕ? ಬಡಗಿ ಬಾಗಿಲ ಬಳಿ ಕಿವಿ ನಿಮಿರಿಸಿ ನಿಂತ.

ಮೊದಲು ಕೇಳಿಸಿದ್ದು ಕೆಳಗಿನ ದೇಶದ ಕಾರ್ಯದರ್ಶಿಯ ದನಿ. "ಅವರ ಮಂತ್ರಿ ಎತ್ತರದಲ್ಲಿ ಕೂತಿದಾರೆ. ನೀರೂ ಮೇಲಿಂದ, ಮಾತೂ ಮೇಲಿಂದಾನಾ?"

ಬಡಗಿ ಓಡಿಬಂದು ಆ ಮಂತ್ರಿಯ ಕುರ್ಚಿಯಡಿಯ ರಟ್ಟು ಕಿತ್ತು, ಉಳಿದ ಮೂರು ಕಾಲನ್ನೂ ಗರಗಸದಿಂದ ಸವರಿದ.

"ಈಗ ನಮ್ಮವರು ಕೆಳಗಾದ್ರಲ್ಲ," ಎಂದ ಮೇಲಿನ ದೇಶದ ಕಾರ್ಯದರ್ಶಿ.

ಬಡಗಿ ಎದುರಿನ ಕುರ್ಚಿಯನ್ನೂ ಕೊಯ್ದ. ಅದು ಹೆಚ್ಚಾಯಿತು. ಮತ್ತೆ ಇದನ್ನು ಕೊಯ್ದ. ಮಧ್ಯಾಹ್ನದ ಹೊತ್ತಿಗೆ ಮಂತ್ರಿಗಳಿಬ್ಬರೂ ಕಾಂಪೌಂಡಿನಾಚೆಯಿಂದ ಇಣುಕುವ ಪಕ್ಕದ ಮನೆಯವರಂತೆ ಮೇಜಿನ ಮೇಲೆ ಬರೀ ಮೂಗು ಕಣ್ಣು ತೋರಿಸುತ್ತ ಕುಳಿತಿದ್ದರು.

ಇಬ್ಬರೂ ಒಟ್ಟಿಗೇ ಎದ್ದರು. ಪಕ್ಕದ ಕೋಣೆಗೆ ಹೋಗಿ, ಹೊರಬಂದು ಜಂಟಿ ಹೇಳಿಕೆ ಕೊಟ್ಟರು: "ಇಂಥ ಕುರ್ಚಿಗಳಲ್ಲಿ ಮಾತುಕತೆ ಸಾಧ್ಯವಿಲ್ಲವೆಂದು ಎರಡೂ ದೇಶಗಳು ಒಪ್ಪಿವೆ. ಹೊಸ ಕುರ್ಚಿ ಬರುವವರೆಗೆ ಸೈನ್ಯ ಮುಂದಕ್ಕೆ ಕದಲುವುದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ವ್ಯವಸ್ಥಾಪಕರು ಬಡಗಿಯನ್ನು ಕರೆದರು. "ಇಷ್ಟು ವರ್ಷಕ್ಕೆ ಅವರಿಬ್ರೂ ಒಪ್ಪಿದ್ದು ಒಂದೇ ಮಾತು ಕಣಯ್ಯ, ತಪ್ಪು ನಿಂದು ಅಂತ. ನಾಳೆಯಿಂದ ಬರಬೇಡ."

"ಯುದ್ಧ ತಪ್ಪಿತಲ್ಲ ಸಾರ್?"

"ತಪ್ಪಿತು. ಅದಕ್ಕೇ ನಿನ್ನ ಮೇಲೆ ಕೇಸು ಹಾಕ್ತಿಲ್ಲ."

ಕೆಲಸ ಹೋದ ಸಂಕಟ ಎದೆಯಲ್ಲಿತ್ತು, ನಿಜ. ಆದರೂ ಬಡಗಿ ಸರಸರನೆ ಮನೆಗೆ ನಡೆದ. ಬೇಕಾದ ವಿದ್ಯೆ ಸಿಕ್ಕಿತ್ತಲ್ಲ! ಹೆಂಡತಿ ಬ್ಯಾಗು ಹಿಡಿದು ಹೊಸ್ತಿಲಲ್ಲಿದ್ದಳು. ತಾಯಿ ಗೋಡೆ ನೋಡುತ್ತ ಕುಳಿತಿದ್ದಳು. ಅವನು ನಡುವೆ ನಿಂತು ಹೇಳಿದ: "ನಿಮ್ಮಿಬ್ಬರದೂ ತಪ್ಪಿಲ್ಲ. ಆ ಕಿಟಕಿ ಮಾಡಿದೋನು ನಾನು. ತಪ್ಪೆಲ್ಲ ನಂದೇ. ಇವತ್ತು ಕೆಲಸಾನೂ ಕಳ್ಕೊಂಡೆ."

ಅತ್ತೆ ಸೊಸೆ ಪರಸ್ಪರ ಮುಖ ನೋಡಿದರು.

"ನಾನೂ ಅದನ್ನೇ ಅಂತಿದ್ದೆ," ಎಂದಳು ತಾಯಿ.

"ನಾನೂ ಅಷ್ಟೇ ಅತ್ತೆ," ಎಂದಳು ಹೆಂಡತಿ.

ಬಡಗಿಯ ಕಣ್ಣು ತುಂಬಿ ಬಂತು. ವಿದ್ಯೆ ಫಲಿಸಿತ್ತು. ತಾಯಿ ಒಳಗೆ ಹೋದಳು, ಕಾಫಿಗೆ ಎಂದುಕೊಂಡ. ಹೊರಬಂದಾಗ ಅವಳ ಕೈಯಲ್ಲೂ ಒಂದು ಬ್ಯಾಗಿತ್ತು.

"ಬಾಮ್ಮ, ಬಸ್ ತಪ್ಪುತ್ತೆ," ಎಂದಳು ಸೊಸೆಗೆ. ಮಗನತ್ತ ತಿರುಗಿದಳು. "ನಿಂಗೆ ಬೇರೆ ಕೆಲಸ ಸಿಗೋವರೆಗೂ ನಾವಿಬ್ಬರೂ ಬರಲ್ಲ ಕಣೋ."

ಅದು ಅಂದಿನ ಎರಡನೆಯ ಜಂಟಿ ಹೇಳಿಕೆ.